ನಿಮಗಿದು ಗೊತ್ತೇ? ಮೊಟ್ಟೆ ಆಗದ ಮಗುವಿಗೂ ಫ್ಲೂ ಲಸಿಕೆ ಹಾಕಿಸಬಹುದು

“ಡಾಕ್ಟ್ರೇ, ಇವ್ನಿಗೆ ಮೊಟ್ಟೆ ಆಗಲ್ಲ. ಒಂದು ಚೂರು ಆಮ್ಲೆಟ್ ಬಾಯಿಗೆ ಬಿದ್ರೂ ಮೈಯೆಲ್ಲ ಗಂಧೆ ಏಳುತ್ತೆ.”

ಮಕ್ಕಳ ಕ್ಲಿನಿಕ್‌ನಲ್ಲಿ ಫ್ಲೂ ಲಸಿಕೆಯ ಮಾತು ಬಂದಾಗ ಒಬ್ಬರಲ್ಲ ಒಬ್ಬ ತಾಯಿ ಈ ಮಾತು ಹೇಳುತ್ತಾರೆ. ಹಿಂದೆಲ್ಲ ಇಷ್ಟು ಕೇಳಿದರೆ ಸಾಕು, ತುಂಬಿದ ಸಿರಿಂಜು ಟ್ರೇಗೆ ವಾಪಸಾಗುತ್ತಿತ್ತು. ಈಗ ವಾಪಸಾಗಬೇಕಿಲ್ಲ. ಯಾಕೆಂದು ತಿಳಿಯಲು ಸೀನುವ ಪ್ರಾಣಿ, ಯುರೇನಿಯಂ, ಜೆಲ್ಲಿ, ಮೆಕ್ಕೆಜೋಳದ ಹುಳು ಎಲ್ಲವನ್ನೂ ಒಂದು ಸುತ್ತು ನೋಡಿ ಬರಬೇಕು. ಬನ್ನಿ.

● ಲಸಿಕೆಗೂ ಕೋಳಿಮೊಟ್ಟೆಗೂ ಏನು ನಂಟು? ವೈರಸ್ ಬೆಳೆಯಲು ಜೀವಂತ ಕೋಶ ಬೇಕು. ಸಕ್ಕರೆ ನೀರು, ಮಾಂಸದ ಸಾರು ಇಟ್ಟರೆ ಬ್ಯಾಕ್ಟೀರಿಯಾ ಬೆಳೆದೀತು, ವೈರಸ್ ಬೆಳೆಯದು. 1931ರಲ್ಲಿ ಅಮೆರಿಕದ ಟೆನೆಸ್ಸಿ ರಾಜ್ಯದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಅರ್ನೆಸ್ಟ್ ಗುಡ್‌ಪಾಸ್ಚರ್ ಮತ್ತು ಆಲಿಸ್ ವುಡ್ರಫ್ ಕೋಳಿಸಿಡುಬಿನ ವೈರಸ್ಸನ್ನು ಕಾವಿಗಿಟ್ಟ ಮೊಟ್ಟೆಯೊಳಗೆ ಬೆಳೆಸಿ ತೋರಿಸಿದರು. ಅಗ್ಗದ, ಚೊಕ್ಕ, ಮುಚ್ಚಿದ ಪ್ರಯೋಗಾಲಯವೊಂದು ಚಿಪ್ಪಿನೊಳಗೇ ಸಿಕ್ಕಂತಾಯಿತು. ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್ ಅದೇ ಜಾಡು ಹಿಡಿದು ಫ್ಲೂ ವೈರಸ್ಸನ್ನು ಮೊಟ್ಟೆಯಲ್ಲಿ ಬೆಳೆಸುವ ವಿಧಾನವನ್ನು ಪಳಗಿಸಿದರು.

● ಮನುಷ್ಯರ ಫ್ಲೂ ವೈರಸ್ ಮೊದಲು ಕೈಗೆ ಸಿಕ್ಕಿದ್ದು 1933ರಲ್ಲಿ, ಲಂಡನ್ನಿನಲ್ಲಿ. ವಿಲ್ಸನ್ ಸ್ಮಿತ್, ಕ್ರಿಸ್ಟೊಫರ್ ಆಂಡ್ರೂಸ್, ಪ್ಯಾಟ್ರಿಕ್ ಲೈಡ್ಲಾ ಎಂಬ ಮೂವರು ರೋಗಿಯ ಗಂಟಲು ತೊಳೆದ ನೀರನ್ನು ಫೆರೆಟ್‌ಗಳ ಮೂಗಿಗೆ ಬಿಟ್ಟರು. ಫೆರೆಟ್ ಎಂದರೆ ನೋಡಲು ನಮ್ಮ ಮುಂಗುಸಿಯ ದಾಯಾದಿಯಂತಿರುವ ಪ್ರಾಣಿ. ಅವಕ್ಕೆ ನೆಗಡಿ, ಜ್ವರ ಬಂತು. ಅವುಗಳಲ್ಲೊಂದು ಸ್ಮಿತ್ ಅವರ ಮುಖಕ್ಕೇ ಸೀನಿತು. ಅವರು ಫ್ಲೂ ಹಿಡಿದು ಮಲಗಿದರು. ಅವರ ಮೈಯಿಂದ ತೆಗೆದ ವೈರಸ್ಸಿಗೆ ಅವರದೇ ಹೆಸರಿನ ಮೊದಲಕ್ಷರಗಳನ್ನಿಟ್ಟು ‘ಡಬ್ಲ್ಯು.ಎಸ್.’ ಎಂದು ಕರೆದರು.

● ಮುಂದೆ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಫ್ರಾನ್ಸಿಸ್ ಮತ್ತು ಜೋನಾಸ್ ಸಾಲ್ಕ್ (ಹೌದು, ಪೋಲಿಯೊ ಲಸಿಕೆಯ ಅದೇ ಸಾಲ್ಕ್) ಸತ್ತ ವೈರಸ್ಸಿನ ಫ್ಲೂ ಲಸಿಕೆ ಮಾಡಿದರು. 1945ರಲ್ಲಿ ಅಮೆರಿಕದ ಸೈನಿಕರಿಗೆ, 1946ರಲ್ಲಿ ಜನಸಾಮಾನ್ಯರಿಗೆ ಪರವಾನಗಿ ಸಿಕ್ಕಿತು. ಅಂದಿನಿಂದ ಇಂದಿನವರೆಗೆ ಜಗತ್ತಿನ ಬಹುಪಾಲು ಫ್ಲೂ ಲಸಿಕೆ ಮೊಟ್ಟೆಯಿಂದಲೇ ಬರುತ್ತಿದೆ.

● ಅಂಗಡಿಯಿಂದ ತಂದ ಮೊಟ್ಟೆ ಇದಕ್ಕೆ ಆಗದು. ಮರಿಯಾಗಬಲ್ಲ ಮೊಟ್ಟೆಯೇ ಬೇಕು. ಹತ್ತು–ಹನ್ನೊಂದು ದಿನ ಕಾವು ಕೊಟ್ಟು, ಚಿಪ್ಪಿಗೆ ಸಣ್ಣ ತೂತು ಮಾಡಿ, ಭ್ರೂಣದ ಸುತ್ತಲಿನ ಒಂದು ಚೀಲದೊಳಕ್ಕೆ ವೈರಸ್ ಬಿಡುತ್ತಾರೆ. ಎರಡು ಮೂರು ದಿನದಲ್ಲಿ ಆ ಚೀಲದ ನೀರು ವೈರಸ್ಸಿನಿಂದ ತುಂಬುತ್ತದೆ. ಅದನ್ನು ಹೀರಿ ತೆಗೆದು, ರಾಸಾಯನಿಕದಿಂದ ವೈರಸ್ಸನ್ನು ಕೊಂದು, ಒಡೆದು, ಬೇಕಾದ ಪ್ರೋಟೀನನ್ನಷ್ಟೇ ಉಳಿಸಿಕೊಳ್ಳುತ್ತಾರೆ.

● ಯುರೇನಿಯಂ ಬೇರ್ಪಡಿಸುವ ಗಿರಗಿರ ಯಂತ್ರದ ವಿದ್ಯೆ ಈ ಶುದ್ಧೀಕರಣಕ್ಕೂ ನೆರವಾಗಿದೆ! ಅದೇ ಟೆನೆಸ್ಸಿಯ ಓಕ್ ರಿಡ್ಜ್ ಅಣು ಪ್ರಯೋಗಾಲಯದಲ್ಲಿ ನಾರ್ಮನ್ ಆಂಡರ್ಸನ್ ಎಂಬವರು 1960ರ ದಶಕದಲ್ಲಿ ಮಹಾವೇಗದ ಸೆಂಟ್ರಿಫ್ಯೂಜನ್ನು ಲಸಿಕೆಗೆ ಒಗ್ಗಿಸಿದರು. ಮಜ್ಜಿಗೆ ಕಡೆದರೆ ಬೆಣ್ಣೆ ಬೇರೆಯಾಗುವಂತೆ ಇಲ್ಲಿ ವೈರಸ್ಸು ಒಂದೆಡೆ, ಮೊಟ್ಟೆಯ ಕಸ ಇನ್ನೊಂದೆಡೆ. ಹಳೆಯ ಲಸಿಕೆಗಳಲ್ಲಿ ಮೊಟ್ಟೆಯ ಪ್ರೋಟೀನು ಧಾರಾಳವಾಗಿತ್ತು, ವೈದ್ಯರ ಭಯಕ್ಕೂ ಆಧಾರವಿತ್ತು. ಯಂತ್ರ ಬದಲಾಯಿತು, ಭಯ ಮಾತ್ರ ದಶಕಗಟ್ಟಲೆ ಹಾಗೇ ಕೂತಿತು.

● ಹಾಗಾದರೆ ಈಗಿನ ಲಸಿಕೆಯಲ್ಲಿ ಮೊಟ್ಟೆ ಎಷ್ಟಿದೆ? ಒಂದು ಲೆಕ್ಕ ಮಾಡೋಣ. ಮೊಟ್ಟೆಯ ಬಿಳಿಭಾಗದಲ್ಲಿ ಹೆಚ್ಚಿಗಿರುವ ಪ್ರೋಟೀನಿನ ಹೆಸರು ಓವಾಲ್ಬುಮಿನ್. ಒಂದು ಸಾಧಾರಣ ಮೊಟ್ಟೆಯಲ್ಲಿ ಅದು ಸುಮಾರು 2 ಗ್ರಾಂ. ಫ್ಲೂ ಲಸಿಕೆಯ ಒಂದು ಡೋಸಿನಲ್ಲಿ ಸಾಮಾನ್ಯವಾಗಿ 1 ಮೈಕ್ರೊಗ್ರಾಮಿಗೂ ಕಡಿಮೆ. ಹೆಸರಾಂತ ಕೆಲವು ಲಸಿಕೆಗಳ ಚೀಟಿಯಲ್ಲಿ ಹಾಕಿರುವ ಮಿತಿ 0.05 ಮೈಕ್ರೊಗ್ರಾಂ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಅಷ್ಟೂ ಜನರಿಗೆ ಈ 0.05ರ ಮಿತಿಯ ಲಸಿಕೆಯನ್ನೇ ಒಂದೊಂದು ಡೋಸ್ ಚುಚ್ಚಿದರೆ, ಎಲ್ಲರ ಮೈಗೂ ಸೇರುವ ಓವಾಲ್ಬುಮಿನ್ ಹೆಚ್ಚೆಂದರೆ ಎರಡು ಮೊಟ್ಟೆಯಷ್ಟು. ಬೀದರ್‌ನಿಂದ ಚಾಮರಾಜನಗರದವರೆಗೆ, ಬರೀ ಎರಡು ಮೊಟ್ಟೆ!

● ಮೊಟ್ಟೆ ಅಲರ್ಜಿಗೆ ಹಳದಿಗಿಂತ ಬಿಳಿಭಾಗವೇ ಹೆಚ್ಚು ಕಾರಣ.

● ಆಮ್ಲೆಟ್ ತಿಂದರೆ ಮೈ ಊದುವ ಮಗು ಮೊಟ್ಟೆ ಹಾಕಿದ ಕೇಕ್ ತಿಂದು ಆರಾಮಾಗಿ ಆಡಿಕೊಂಡಿರಬಹುದು. ಓವಾಲ್ಬುಮಿನ್ ಬಿಸಿಗೆ ರೂಪ ಕೆಡುತ್ತದೆ, ಒಲೆಯಲ್ಲಿ ಹೊತ್ತುಗಟ್ಟಲೆ ಬೆಂದ ಮೇಲೆ ಮೈ ಅದನ್ನು ಗುರುತು ಹಿಡಿಯುವುದಿಲ್ಲ. ಓವೊಮ್ಯುಕಾಯ್ಡ್ ಎಂಬ ಇನ್ನೊಂದು ಪ್ರೋಟೀನು ಮಾತ್ರ ಬಿಸಿಗೆ ಜಗ್ಗದು. ಅದು ಆಗದ ಮಕ್ಕಳಿಗೆ ಕೇಕೂ ಆಗದು. ಹಾಗೆಂದು ಮನೆಯಲ್ಲೇ ಕೇಕ್ ತಿನ್ನಿಸಿ ಪರೀಕ್ಷೆ ಮಾಡಲು ಹೋಗಬೇಡಿ, ಅದು ಅಲರ್ಜಿ ತಜ್ಞರ ಎದುರಿಗೇ ಆಗಬೇಕು.

● ಮೊಟ್ಟೆ ಅಲರ್ಜಿ ಇರುವ ಬಹಳಷ್ಟು ಮಕ್ಕಳಿಗೆ ದೊಡ್ಡವರಾಗುವುದರೊಳಗೆ ಅದು ತಾನಾಗಿಯೇ ಬಿಟ್ಟುಹೋಗುತ್ತದೆ.

● “ನಾವು ಮೊಟ್ಟೆ ತಿನ್ನಲ್ಲ” ಬೇರೆ, “ಮೊಟ್ಟೆ ಮೈಗೆ ಆಗಲ್ಲ” ಬೇರೆ. ನಮ್ಮಲ್ಲಿ ಇವೆರಡೂ ಕಲಸಿಹೋಗುತ್ತವೆ. ಸರ್ಕಾರಿ ಶಾಲೆಯಲ್ಲಿ ಮೊಟ್ಟೆಯ ಬದಲು ಬಾಳೆಹಣ್ಣಿಗೋ ಚಿಕ್ಕಿಗೋ ಕೈಚಾಚಿದ ಮಗು ತಿನ್ನದ ಮಗುವೋ, ತಿಂದರೆ ಆಗದ ಮಗುವೋ ನೋಡಿದರೆ ತಿಳಿಯದು. ಲಸಿಕೆ ಹಾಕುವವರ ಎದುರು ಈ ಎರಡರಲ್ಲಿ ಯಾವುದೆಂದು ಬಿಡಿಸಿ ಹೇಳಿ. ಸಸ್ಯಾಹಾರಿ ಮನೆಯ, ಮೊಟ್ಟೆಯ ರುಚಿಯನ್ನೇ ನೋಡದ ಮಗುವಿಗೆ ಲಸಿಕೆಗೆ ಮುಂಚೆ “ಒಮ್ಮೆ ಮೊಟ್ಟೆ ತಿನ್ನಿಸಿ ನೋಡಿ” ಎಂದು ಯಾರಾದರೂ ಹೇಳಿದರೆ ಕೇಳಬೇಕಿಲ್ಲ. ಅದಕ್ಕೆ ಯಾವ ಅಗತ್ಯವೂ ಇಲ್ಲ. ಲಸಿಕೆಯಲ್ಲಿ ಮೊಟ್ಟೆಯ ಸೋಂಕು ಇರುವುದರಿಂದ ಮಡಿಗೆ ಭಂಗವೇ ಎಂಬ ಪ್ರಶ್ನೆ ಅವರವರ ಮನಸ್ಸಿಗೆ ಬಿಟ್ಟದ್ದು. ನಾನು ಅದಕ್ಕೆ ಕೈಹಾಕುವುದಿಲ್ಲ.

● ‘ಅಲರ್ಜಿ’ ಎಂಬ ಪದವೇ ಚುಚ್ಚುಮದ್ದಿನಿಂದ ಹುಟ್ಟಿದ್ದು! ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಸೀರಂ ಚುಚ್ಚಿಸಿಕೊಂಡ, ಸಿಡುಬಿನ ಲಸಿಕೆ ಪಡೆದ ಮಕ್ಕಳನ್ನು ಗಮನಿಸುತ್ತಿದ್ದರು. ಎರಡನೇ ಸಲ ಹಾಕಿದಾಗ ಮೈ ಬೇರೆಯೇ ಥರ, ಬೇಗನೆ ಪ್ರತಿಕ್ರಿಯಿಸುವುದನ್ನು ಕಂಡು 1906ರಲ್ಲಿ ಈ ಪದ ಟಂಕಿಸಿದರು. ಜೀವಕ್ಕೇ ಕುತ್ತು ತರುವ ತೀವ್ರ ಅಲರ್ಜಿಗೆ ‘ಅನಾಫಿಲ್ಯಾಕ್ಸಿಸ್’ ಎಂಬ ಹೆಸರು ಅದಕ್ಕೂ ಹಳೆಯದು, 1902ರದು. ಹೆಸರಿಟ್ಟವರು ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ. ರಿಶೆ ಅವರಿಗೆ 1913ರಲ್ಲಿ ನೊಬೆಲ್ ಬಂತು.

● ನಿಯಮ ಬದಲಾದದ್ದು ಒಂದೇ ಏಟಿಗಲ್ಲ, ಮೆಟ್ಟಿಲು ಇಳಿದಂತೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ (ಸಿ.ಡಿ.ಸಿ.) 2011ರಲ್ಲಿ, ಮೊಟ್ಟೆಯಿಂದ ಬರೀ ಗಂಧೆ ಏಳುವವರು ಲಸಿಕೆ ಪಡೆದು ಅರ್ಧ ಗಂಟೆ ಕೂತಿರಲಿ ಎಂದಿತು. 2016ರಲ್ಲಿ ಆ ಅರ್ಧ ಗಂಟೆಯನ್ನು ಕೈಬಿಟ್ಟು, ಹಿಂದೆ ತೀವ್ರ ಅಲರ್ಜಿಯಾದವರು ಮಾತ್ರ ಅದನ್ನು ನಿಭಾಯಿಸಬಲ್ಲ ವೈದ್ಯರ ಸಮ್ಮುಖದಲ್ಲಿ ಪಡೆಯಲಿ ಎಂದಿತು. 2023ರಲ್ಲಿ ಅದೂ ಹೋಯಿತು. ಮೊಟ್ಟೆ ಅಲರ್ಜಿ ಎಷ್ಟೇ ತೀವ್ರವಾಗಿರಲಿ, ವಯಸ್ಸಿಗೆ ತಕ್ಕ ಯಾವ ಫ್ಲೂ ಲಸಿಕೆಯನ್ನಾದರೂ ಹಾಕಿಸಬಹುದು. ಬೇರೆಯವರಿಗೆ ವಹಿಸುವಷ್ಟೇ ಎಚ್ಚರ ಇವರಿಗೂ ಸಾಕು.

● ಇಷ್ಟು ಧೈರ್ಯ ಎಲ್ಲಿಂದ ಬಂತು ಅಂತೀರಾ? ಮಕ್ಕಳಿಂದ. 2012ರಲ್ಲಿ ಪ್ರಕಟವಾದ ಒಂದು ಪರಾಮರ್ಶೆ ಆವರೆಗಿನ ಅಧ್ಯಯನಗಳನ್ನು ಒಟ್ಟುಹಾಕಿತು. ಮೊಟ್ಟೆ ಅಲರ್ಜಿಯಿದ್ದ 4,172 ಮಂದಿ ಫ್ಲೂ ಲಸಿಕೆ ಪಡೆದಿದ್ದರು. ಅವರಲ್ಲಿ 513 ಮಂದಿಗೆ ಹಿಂದೆ ಮೊಟ್ಟೆಯಿಂದ ತೀವ್ರ ಪ್ರತಿಕ್ರಿಯೆ ಆಗಿತ್ತು. ಲಸಿಕೆಯಿಂದ ಅನಾಫಿಲ್ಯಾಕ್ಸಿಸ್ ಆದವರು? ಸೊನ್ನೆ. ಕೆಲವರಿಗೆ ಸಣ್ಣಪುಟ್ಟ ತುರಿಕೆ, ದದ್ದು ಆಗಿದ್ದುಂಟು.

ಮೂಗಿಗೆ ಸಿಂಪಡಿಸುವ ಲಸಿಕೆಯ ಪರೀಕ್ಷೆ ನಡೆದದ್ದು ಬ್ರಿಟನ್ನಿನಲ್ಲಿ. ಅಲ್ಲಿ 2013ರಿಂದ ಮಕ್ಕಳಿಗೆ ಅದನ್ನು ಕೊಡಲು ಶುರುಮಾಡಿದ್ದರು. ಇದು ಸತ್ತ ವೈರಸ್ಸಲ್ಲ, ಬಲಗುಂದಿಸಿದ ಜೀವಂತ ವೈರಸ್ಸು. ಅಲರ್ಜಿ ಮಕ್ಕಳ ಮೂಗಿಗೇ ಹೋಗುವಂಥದ್ದು, ಹಾಗಾಗಿ ಅಂಜಿಕೆ ಇನ್ನೂ ಹೆಚ್ಚು. ಪಾಲ್ ಟರ್ನರ್ ಮತ್ತು ಸಂಗಡಿಗರು 30 ಆಸ್ಪತ್ರೆಗಳಲ್ಲಿ 2ರಿಂದ 18 ವರ್ಷದ 779 ಮಂದಿಗೆ ಅದನ್ನು ಕೊಟ್ಟು ಕಾದು ಕೂತರು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಹಿಂದೆ ಮೊಟ್ಟೆಯಿಂದ ಅನಾಫಿಲ್ಯಾಕ್ಸಿಸ್ ಅನುಭವಿಸಿದವರು. ಇಡೀ ಮೈಗೆ ವ್ಯಾಪಿಸುವ ಅಲರ್ಜಿ ಒಬ್ಬರಿಗೂ ಆಗಲಿಲ್ಲ. 2015ರಲ್ಲಿ ಪ್ರಕಟವಾದ ಈ ಅಧ್ಯಯನದ ಹೆಸರು ‘ಸ್ನಿಫಲ್’, ಕನ್ನಡದಲ್ಲಿ ‘ಸೊರ್‌ಸೊರ್’ ಎನ್ನಬಹುದೇನೋ. ಮಕ್ಕಳ ವೈದ್ಯರಿಗೆ ಹೆಸರಿಡುವಾಗ ತುಂಟತನ ಬರುತ್ತದೆ.

● ಮೊಟ್ಟೆಯ ತಲೆಗೆ ಕಟ್ಟಿದ ಅಪವಾದ ಎಷ್ಟೋ ಸಲ ಜೆಲ್ಲಿಯದು. ಲಸಿಕೆ ಕೆಡದಂತೆ ಕೆಲವಕ್ಕೆ ಜಿಲಾಟಿನ್ ಸೇರಿಸುತ್ತಾರೆ. ಇದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಪ್ರೋಟೀನು. ದಡಾರ–ಮಂಗನಬಾವು–ರುಬೆಲ್ಲಾ ಲಸಿಕೆಯಿಂದ (ಎಂ.ಎಂ.ಆರ್.) ತೀವ್ರ ಅಲರ್ಜಿಯಾದಾಗಲೆಲ್ಲ ವೈದ್ಯರು ಮೊಟ್ಟೆಯನ್ನೇ ದೂರುತ್ತಿದ್ದರು. 1993ರಲ್ಲಿ ಅಮೆರಿಕದ ಜಾನ್ ಕೆಲ್ಸೊ ಮತ್ತು ಸಂಗಡಿಗರು ಅಂಥ ಒಬ್ಬ ಹುಡುಗಿಯ ರಕ್ತ ಪರೀಕ್ಷಿಸಿ ನಿಜವಾದ ಅಪರಾಧಿಯನ್ನು ಹಿಡಿದರು. ಜೆಲ್ಲಿ ತಿಂದಾಗಲೂ ತನಗೆ ಹೀಗೇ ಆಗುತ್ತದೆ ಎಂದು ಅವಳೇ ಸುಳಿವು ಕೊಟ್ಟಿದ್ದಳಂತೆ. ರೋಗಿಯ ಮಾತಿಗೆ ಕಿವಿಗೊಟ್ಟರೆ ಅರ್ಧ ಪತ್ತೇದಾರಿ ಮುಗಿದಂತೆ. ಮುಂದೆ 1995ರಲ್ಲಿ ಮೊಟ್ಟೆ ಅಲರ್ಜಿಯ 54 ಮಕ್ಕಳಿಗೆ ಎಂ.ಎಂ.ಆರ್. ಹಾಕಿ, ಯಾರಿಗೂ ಅಪಾಯವಾಗಲಿಲ್ಲವೆಂದು ಇನ್ನೊಂದು ತಂಡ ತೋರಿಸಿತು. ಮೂಗಿನ ಫ್ಲೂ ಲಸಿಕೆಯಲ್ಲೂ ಜಿಲಾಟಿನ್ ಇರುತ್ತದೆ. ನಿಮ್ಮ ಮಗುವಿಗೆ ಜೆಲ್ಲಿ, ಮಾರ್ಷ್‌ಮ್ಯಾಲೊ ಆಗದಿದ್ದರೆ ಆ ಮಾತನ್ನು ಮರೆಯದೆ ಹೇಳಿ.

● ಅಂದರೆ ಫ್ಲೂ ಲಸಿಕೆಯಿಂದ ಅನಾಫಿಲ್ಯಾಕ್ಸಿಸ್ ಆಗುವುದೇ ಇಲ್ಲವೇ? ಆಗುತ್ತದೆ, ತೀರ ಅಪರೂಪಕ್ಕೆ. ಅಮೆರಿಕದ ಬೃಹತ್ ದಾಖಲೆಯೊಂದರಲ್ಲಿ ಕಂಡದ್ದು ಹತ್ತು ಲಕ್ಷ ಡೋಸಿಗೆ 1.35. ಯಾರಿಗೆ ಆದೀತೆಂದು ಮೊದಲೇ ಹೇಳಲಾಗದು, ಮೊಟ್ಟೆ ತಿನ್ನುವವರಿಗೂ ಆದೀತು. ಆದ್ದರಿಂದಲೇ ಲಸಿಕೆ ಹಾಕುವ ಪ್ರತಿಯೊಂದು ಕಡೆಯಲ್ಲೂ, ಪ್ರತಿಯೊಬ್ಬರಿಗಾಗಿಯೂ ಅಡ್ರಿನಲಿನ್ ಆಂಪೂಲ್ ಕೈಗೆಟಕುವಂತಿರಬೇಕು. ಅದಿಲ್ಲದ ಕ್ಲಿನಿಕ್ಕಿನಲ್ಲಿ, ಅಲರ್ಜಿ ಇರಲಿ ಬಿಡಲಿ, ಯಾವ ಲಸಿಕೆಯನ್ನೂ ಹಾಕಿಸಬೇಡಿ ಎಂಬುದು ನನ್ನ ಖಡಕ್ ಅಭಿಪ್ರಾಯ.

● ಅನಾಫಿಲ್ಯಾಕ್ಸಿಸ್‌ಗೆ ಕೊಡುವ ಆ ಅಡ್ರಿನಲಿನ್ ಚುಚ್ಚುಮದ್ದು ತೋಳಿಗಲ್ಲ, ತೊಡೆಯ ಹೊರಬದಿಯ ಸ್ನಾಯುವಿಗೆ. ಉಸಿರು ಕಟ್ಟುವುದು, ದನಿ ಗೊಗ್ಗರಾಗುವುದು, ತುಟಿ–ನಾಲಿಗೆ ಊದುವುದು, ಬಿಟ್ಟೂಬಿಡದ ವಾಂತಿ, ಮಗು ಬಿಳಿಚಿಕೊಂಡು ಕುಸಿಯುವುದು, ಇವು ಕಂಡರೆ ತಡ ಮಾಡುವಂತಿಲ್ಲ. ತುರಿಕೆಯ ಸಿರಪ್ಪು ಗಂಧೆಯನ್ನು ಇಳಿಸೀತು, ಕಟ್ಟಿದ ಉಸಿರನ್ನು ಬಿಡಿಸದು.

● ಸೂಜಿ ಕಂಡು ಬವಳಿ ಬಂದು ಬೀಳುವುದು ಅಲರ್ಜಿಯಲ್ಲ. ಹದಿಹರೆಯದವರಲ್ಲಿ ಇದು ಹೆಚ್ಚು, ಆದ್ದರಿಂದಲೇ ಕಾಲು ಗಂಟೆ ಕೂರಿಸುವುದು. ರಾತ್ರಿ ಸಣ್ಣ ಜ್ವರ, ಮರುದಿನ ಚುಚ್ಚಿದ ಜಾಗದಲ್ಲಿ ನೋವು, ಇವೂ ಅಲರ್ಜಿಯಲ್ಲ.

● ಈ ಇಡೀ ಕಥೆಯಲ್ಲಿ ನನಗೆ ಹೊಟ್ಟೆ ಉರಿಸುವ ಸಂಗತಿ ಒಂದಿದೆ. ಮೊಟ್ಟೆ ಅಲರ್ಜಿಯ ಮಕ್ಕಳಲ್ಲಿ ಅಸ್ತಮಾ ಹೆಚ್ಚು. ‘ಸ್ನಿಫಲ್’ ಅಧ್ಯಯನದ ಮಕ್ಕಳಲ್ಲೇ ಅರ್ಧಕ್ಕಿಂತ ಹೆಚ್ಚಿನವರಿಗೆ ಅಸ್ತಮಾವೋ ಪದೇಪದೇ ಗೊರಗೊರ ಉಬ್ಬಸವೋ ಇತ್ತು. ಅಸ್ತಮಾ ಇರುವ ಮಗುವಿಗೆ ಫ್ಲೂ ಬಂದರೆ ಎದೆ ಕಟ್ಟಿ ಆಸ್ಪತ್ರೆ ಸೇರುವ ಸಂಭವ ಬೇರೆ ಮಕ್ಕಳಿಗಿಂತ ಜಾಸ್ತಿ. ಲಸಿಕೆ ಯಾರಿಗೆ ಎಲ್ಲರಿಗಿಂತ ಮೊದಲು ಬೇಕಿತ್ತೋ ಅವರನ್ನೇ ವರ್ಷಗಟ್ಟಲೆ ಬಾಗಿಲಿನಿಂದ ವಾಪಸು ಕಳಿಸಿದ್ದೇವೆ. ಕಾಪಾಡುತ್ತಿದ್ದೇವೆಂದು ನಂಬಿಕೊಂಡೇ ಕಳಿಸಿದ್ದೇವೆ. ಒಂದು ಮಾತು ಮಾತ್ರ ನೆನಪಿರಲಿ: ಉಬ್ಬಸ ಜೋರಾಗಿರುವ ಮಗುವಿಗೆ ಮೂಗಿನ ಲಸಿಕೆ ಸಲ್ಲದು, ಚುಚ್ಚುಮದ್ದಾದರೆ ಸರಿ.

● ಹಾಗಿದ್ದರೂ ಕೆಲವು ವೈದ್ಯರು ಯಾಕೆ ಹಿಂದೆಮುಂದೆ ನೋಡುತ್ತಾರೆ? ಲಸಿಕೆಯ ಡಬ್ಬಿಯೊಳಗೆ ಮಡಚಿಟ್ಟ ಚೀಟಿಯನ್ನು ಬಿಚ್ಚಿ ನೋಡಿ. ಹಲವು ಕಂಪನಿಗಳ ಚೀಟಿಯಲ್ಲಿ ಮೊಟ್ಟೆಯ ಪ್ರೋಟೀನು ಆಗದವರಿಗೆ ಕೊಡಬೇಡಿ ಎಂಬ ಸಾಲು ಈಗಲೂ ಇದೆ. ತಜ್ಞರ ಮಾತು ಮುಂದೆ ಹೋಯಿತು, ಚೀಟಿ ಅಲ್ಲೇ ನಿಂತಿತು. ನಿಮ್ಮ ವೈದ್ಯರು ಅಲರ್ಜಿ ತಜ್ಞರನ್ನು ಒಮ್ಮೆ ಕೇಳೋಣ ಎಂದರೆ ತಪ್ಪು ತಿಳಿಯಬೇಡಿ, ಆದರೆ ಮಾತನ್ನು ಅಲ್ಲಿಗೇ ಕೈಬಿಡಬೇಡಿ.

● ಲಸಿಕೆಯ ಹನಿಯನ್ನು ಮೊದಲು ಚರ್ಮಕ್ಕೆ ಚುಚ್ಚಿ ನೋಡುವುದು, ಒಂದು ಡೋಸನ್ನು ಚೂರುಚೂರಾಗಿ ಹಾಕುವುದು, ಇವೆಲ್ಲ ಮೊಟ್ಟೆ ಅಲರ್ಜಿಗೆ ಈಗ ಬೇಕಿಲ್ಲ. ಪೂರ್ತಿ ಡೋಸ್ ಒಂದೇ ಸಲ.

● ಹಾಕಿಸಬಾರದವರು ಯಾರು? ಹಿಂದೆ ಫ್ಲೂ ಲಸಿಕೆಯಿಂದಲೇ ತೀವ್ರ ಅಲರ್ಜಿಯಾದವರು. ಕಾರಣ ಮೊಟ್ಟೆಯೋ ಇನ್ನೊಂದೋ, ಅವರು ತಜ್ಞರನ್ನು ಕಾಣದೆ ಮುಂದಿನ ಡೋಸಿಗೆ ಹೋಗಬಾರದು. ಜೋರು ಜ್ವರ ಇದ್ದರೆ ಇಳಿಯಲಿ, ಆಮೇಲೆ ಬನ್ನಿ.

● ಮೊಟ್ಟೆಯೇ ಇಲ್ಲದ ಫ್ಲೂ ಲಸಿಕೆಗಳೂ ಉಂಟು. ಒಂದನ್ನು ನಾಯಿಯ ಮೂತ್ರಪಿಂಡದ ಕೋಶದಲ್ಲಿ ಬೆಳೆಸುತ್ತಾರೆ. ಆ ಕೋಶಗಳ ವಂಶ ಶುರುವಾದದ್ದು 1958ರಲ್ಲಿ, ಕಾಕರ್ ಸ್ಪ್ಯಾನಿಯೆಲ್ ಜಾತಿಯ ಒಂದೇ ಒಂದು ನಾಯಿಯಿಂದ. ನಾಯಿ ಸತ್ತು ಯಾವ ಕಾಲವಾಯಿತೋ, ಕೋಶಗಳು ಇನ್ನೂ ಗಾಜಿನ ಪಾತ್ರೆಗಳಲ್ಲಿ ಬೆಳೆಯುತ್ತಲೇ ಇವೆ. 2012ರಲ್ಲಿ ಅಮೆರಿಕದಲ್ಲಿ ಈ ಲಸಿಕೆಗೆ ಒಪ್ಪಿಗೆ ಸಿಕ್ಕಿತು.

ಇನ್ನೊಂದರ ಕಥೆ ನಮ್ಮ ರೈತರಿಗೆ ಸೋಜಿಗ ಎನಿಸೀತು. 2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಭಾರತಕ್ಕೇ ಮೊದಲು ಕಾಣಿಸಿಕೊಂಡು ಬೆಳೆ ಮೇಯ್ದ ಫಾಲ್ ಸೈನಿಕ ಹುಳು ನೆನಪಿದೆಯೇ? ಅದೇ ಜಾತಿಯ ಹುಳುವಿನ ಕೋಶಗಳಲ್ಲಿ ಫ್ಲೂ ವೈರಸ್ಸಿನ ಒಂದು ಪ್ರೋಟೀನನ್ನಷ್ಟೇ ತಯಾರಿಸಿ ಲಸಿಕೆ ಮಾಡುತ್ತಾರೆ. 2013ರಲ್ಲಿ ಒಪ್ಪಿಗೆ ಸಿಕ್ಕಾಗ ಅದು 18ರಿಂದ 49 ವರ್ಷದವರಿಗೆ ಮಾತ್ರ ಇತ್ತು. ಮೊಟ್ಟೆ ಅಲರ್ಜಿಯ ಮಗುವಿಗೆ ಇಂಥದೇ ಬೇಕೆಂದು ಹುಡುಕುತ್ತ ಲಸಿಕೆಯ ಕಾಲ ಕಳೆಯಬೇಡಿ, ಮೊಟ್ಟೆಯದೇ ಸಾಕು.

● ಉಳಿದ ಲಸಿಕೆಗಳ ಪಾಡೇನು? ನಮ್ಮ ಅಂಗನವಾಡಿ, ಆರೋಗ್ಯ ಕೇಂದ್ರಗಳಲ್ಲಿ 9 ತಿಂಗಳಿಗೆ ಹಾಕುವುದು ದಡಾರ–ರುಬೆಲ್ಲಾ ಲಸಿಕೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಅದನ್ನು ಬೆಳೆಸುವುದು ಮನುಷ್ಯ ಕೋಶಗಳಲ್ಲಿ, ಕೋಳಿಯ ಸುದ್ದಿಯೇ ಇಲ್ಲ. ಮಲೆನಾಡಿನವರು ಮಂಗನ ಕಾಯಿಲೆಗೆ ವರ್ಷಗಟ್ಟಲೆ ಹಾಕಿಸಿಕೊಂಡ ಲಸಿಕೆ ಮಾತ್ರ ಬೆಂಗಳೂರಿನ ಹೆಬ್ಬಾಳದಲ್ಲಿ, ಕೋಳಿಭ್ರೂಣದ ಕೋಶಗಳಲ್ಲಿ ತಯಾರಾಗುತ್ತಿತ್ತು. ಅದು ಕೆಲ ವರ್ಷಗಳ ಹಿಂದೆ ನಿಂತದ್ದು ಅಲರ್ಜಿಯ ಕಾರಣಕ್ಕಲ್ಲ, ಕಸುವು ಸಾಲದೆ.

ನಿಜವಾಗಿ ಎಚ್ಚರ ಬೇಕಾದ್ದು ಹಳದಿ ಜ್ವರದ ಲಸಿಕೆಗೆ. ಆಫ್ರಿಕಾದ ಹಲವು ದೇಶಗಳಿಗೆ ಹೊರಟವರು ಹಾಕಿಸಿಕೊಳ್ಳಬೇಕಾದ ಇದನ್ನು ಇಡೀ ಕೋಳಿಭ್ರೂಣದಲ್ಲೇ ಬೆಳೆಸುತ್ತಾರೆ, ಮೊಟ್ಟೆಯ ಪ್ರೋಟೀನೂ ಫ್ಲೂ ಲಸಿಕೆಗಿಂತ ಹೆಚ್ಚಿರುತ್ತದೆ. ಮೊಟ್ಟೆಯಿಂದ ತೀವ್ರ ಅಲರ್ಜಿ ಇರುವವರು ಅಲರ್ಜಿ ತಜ್ಞರನ್ನು ಕಾಣದೆ ಇದನ್ನು ಹಾಕಿಸಬಾರದು. ರೇಬಿಸ್ ಲಸಿಕೆಗಳಲ್ಲೂ ಕೋಳಿಕೋಶದಲ್ಲಿ ಬೆಳೆಸಿದ್ದುಂಟು. ಆದರೆ ಹುಚ್ಚುನಾಯಿ ಕಚ್ಚಿದ ಮೇಲೆ ಮೊಟ್ಟೆಯ ಮಾತೇ ಇಲ್ಲ, ಲಸಿಕೆ ಹಾಕಿಸಲೇಬೇಕು. ರೇಬಿಸ್ ಬಂದರೆ ಬದುಕುವುದಿಲ್ಲ.

● ಸರ್ಕಾರದ ಉಚಿತ ಲಸಿಕಾ ಪಟ್ಟಿಯಲ್ಲಿ ಫ್ಲೂ ಲಸಿಕೆ ಇಲ್ಲ, ದುಡ್ಡು ಕೊಟ್ಟೇ ಹಾಕಿಸಬೇಕು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 6 ತಿಂಗಳಿಂದ 5 ವರ್ಷದವರೆಗಿನ ಎಲ್ಲ ಮಕ್ಕಳಿಗೆ ವರ್ಷಕ್ಕೊಮ್ಮೆ ಹಾಕಿಸಲು ಹೇಳುತ್ತದೆ. ಆಮೇಲೆ ಅಸ್ತಮಾ, ಹೃದಯದ ತೊಂದರೆಯಂಥವು ಇರುವ ಮಕ್ಕಳಿಗೆ. 9 ವರ್ಷದೊಳಗಿನ ಮಗುವಿಗೆ ಮೊದಲ ಸಲವಾದರೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್.

● ಪ್ರತಿವರ್ಷ ಯಾಕೆ? ವೈರಸ್ಸು ವೇಷ ಬದಲಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಫೆಬ್ರವರಿಯಲ್ಲೊಮ್ಮೆ, ಸೆಪ್ಟೆಂಬರ್‌ನಲ್ಲೊಮ್ಮೆ ಕೂತು ಮುಂದಿನ ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ಹೇಳುತ್ತದೆ. ‘ಬಿ–ಯಮಗಾಟ’ ಎಂಬ ಒಂದು ತಳಿಯಂತೂ 2020ರ ಮಾರ್ಚ್ ನಂತರ ಎಲ್ಲೂ ಖಚಿತವಾಗಿ ಕಂಡಿಲ್ಲ. ಕೋವಿಡ್ ಕಾಲದ ಮಾಸ್ಕು, ಬಾಗಿಲು ಮುಚ್ಚಿದ ಶಾಲೆಗಳೇ ಅದನ್ನು ಅಡಗಿಸಿರಬೇಕು.

● 6 ತಿಂಗಳೊಳಗಿನ ಕೂಸಿಗೆ ಫ್ಲೂ ಲಸಿಕೆ ಇಲ್ಲ. ಬಸುರಿಯಾಗಿದ್ದಾಗ ತಾಯಿ ಹಾಕಿಸಿಕೊಂಡರೆ ಆಕೆಯ ರಕ್ಷಣೆಯಲ್ಲಿ ಒಂದು ಪಾಲು ಕೂಸಿಗೂ ಸಿಗುತ್ತದೆ. ತಾಯಿಗೆ ಮೊಟ್ಟೆ ಆಗದಿದ್ದರೂ ಸರಿಯೇ.

● ನಮ್ಮಲ್ಲಿ ಫ್ಲೂ ಜೋರು ಮಾಡುವುದು ಮಳೆಗಾಲದಲ್ಲಿ. ಲಸಿಕೆ ಮೈಯಲ್ಲಿ ಕೆಲಸ ಶುರುಮಾಡಲು ಎರಡು ವಾರ ಬೇಕು. ಜೂನ್ ಮಳೆ ಹಿಡಿಯುವ ಮೊದಲೇ, ಬೇಸಿಗೆ ರಜೆಯಲ್ಲೇ ಕ್ಲಿನಿಕ್ಕಿಗೆ ಹೋಗಿ. ಮಗುವಿಗೆ ಮೊಟ್ಟೆ ಆಗದಿದ್ದರೆ ಆ ಮಾತನ್ನು ಹೇಳಿ, ಹೇಳಲೇಬೇಕು. ಹೇಳಿದ ಮೇಲೆ ಎದ್ದು ಬರಬೇಡಿ, ಲಸಿಕೆ ಹಾಕಿಸಿಕೊಂಡೇ ಬನ್ನಿ.